ಒಬ್ಬಳಿಗೆ ಹೇಳಿದ ಒಂಟಿತನದ ಪಾಠ

ಕಳೆದ ವಾರ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಹೊಸದಾಗಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದಾಳಂತೆ. ನಾನು ಸರ್ವೀಸಿನ ಉದ್ದಕ್ಕೂ ಪಾಠ ಮಾಡಿದ ಕಾದಂಬರಿ ಮತ್ತೆ ಪಠ್ಯಕ್ಕೆ ಬಂದಿದೆಯಂತೆ. "ಸರ್, ಅದರಲ್ಲಿ ಒಂಟಿತನದ ಪ್ರತಿಮೆಗಳು, ಸಂಕೇತಗಳು ಅಂತ ಒಂದು ಪ್ರಶ್ನೆ ಬರುತ್ತಲ್ಲ, ನಿಮ್ಮ ನೋಟ್ಸ್ ಇದ್ರೆ ವಾಟ್ಸಾಪ್ ಮಾಡ್ತೀರಾ?" ಅಂದಳು. ಹುಡುಕಿ ನೋಡುತ್ತೇನೆ ಅಂದೆ. ಹುಡುಕಲಿಲ್ಲ. ಆ ನೋಟ್ಸು ನನ್ನ ಬಾಯಲ್ಲೇ ಇದೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ. ಹೇಳಿ ಹೇಳಿ ನನಗೇ ಸಾಕಾಗಿದೆ. ಅದರ ಬದಲು ಈ ಕೆಲಸ ನಿಜಕ್ಕೂ ಹೇಗಿತ್ತು ಅನ್ನುವುದನ್ನು ಬರೆಯೋಣ ಅನ್ನಿಸಿತು. ಯಾವಾಗ ಬಡ್ತಿ ಬಂತು, ಯಾವ ಸ್ಕೇಲಿಗೆ ಹೋದೆ ಎಂಬುದೆಲ್ಲ ಇದರಲ್ಲಿಲ್ಲ. ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ಕಾದಂಬರಿಯ ಹೆಸರನ್ನೂ ಹೇಳುವುದಿಲ್ಲ. ಪಾಠ ಮಾಡಿದವರಿಗೆ ಗೊತ್ತಾಗುತ್ತದೆ, ಮಾಡದವರು ಪುಣ್ಯವಂತರು. ಕತೆ ಚಿಕ್ಕದು. ಚೆನ್ನಾಜಮ್ಮ ಅಂತ ಒಬ್ಬಳು. ದೊಡ್ಡ ಕುಟುಂಬದ ಹಿರಿಸೊಸೆ. ಗಂಡ ತೀರಿಕೊಂಡ ಮೇಲೂ ಹತ್ತಾರು ಜನಕ್ಕೆ ಬೇಯಿಸಿ ಹಾಕಿಕೊಂಡು ಇರುತ್ತಾಳೆ. ಒಂದು ದಿನ ಬೀಗದ ಕೈ ಓರಗಿತ್ತಿಯ ಕೈಗೆ ಕೊಟ್ಟು, ಕೆರೆ ಏರಿಯ ಕೆಳಗೆ ಪಾಳುಬಿದ್ದ ಒಂದು ಕೋಣೆಗೆ ಹೋಗಿ ಒಬ್ಬಳೇ ಬದುಕಲು ಶುರುಮಾಡುತ್ತಾಳೆ. ಯಾಕೆ ಹೋದಳು ಅಂತ ಲೇಖಕರು ಎಲ್ಲೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳುವುದನ್ನೆಲ್ಲ ನಾಲ್ಕು ವಸ್ತುಗಳ ಮೂಲಕ ಹೇಳಿಸುತ್ತಾರೆ. ಕೆರೆಯ ಕೊರಡಿನ ಮೇಲೆ ನಿಲ್ಲುವ ಒಂಟಿ ಕೊಕ್ಕರೆ, ಒಳಗಿನಿಂದ ಹಾಕುವ ಅಗುಳಿ, ಮೂರು ಕಲ್ಲಿನ ಒಲೆ, ಒಂದೇ ಒಂದು ತಟ್ಟೆ. ಇವು ಮತ್ತೆ ಮತ್ತೆ ಬರುತ್ತವೆ. ಮೊದಲ ಸಲ ಬಂದಾಗ ಕೊಕ್ಕರೆ ಬರೀ ಕೊಕ್ಕರೆ. ಬೀಗದ ಕೈ ಕೊಡುವ ಹೊತ್ತಿಗೆ ಅದು ಮತ್ತೆ ಬಂದಾಗ ಓದುವವನಿಗೆ ಏನೋ ಅನ್ನಿಸುತ್ತದೆ. ಮೂರನೆಯ ಸಲ ಕೊರಡು ಮಾತ್ರ ಇರುತ್ತದೆ, ಕೊಕ್ಕರೆ ಇರುವುದಿಲ್ಲ. ಆಗ ಓದುವವನು ಪುಟ ಹಿಂದಕ್ಕೆ ತಿರುವಿ ಕೊಕ್ಕರೆಯನ್ನು ಹುಡುಕುತ್ತಾನೆ. ಪ್ರತಿಮೆ ಸಂಕೇತವಾಗುವುದು ಹೀಗೆ. ಇಷ್ಟನ್ನು ಹೇಳಲು ನನಗೆ ಒಂದು ಗಂಟೆ ಬೇಕಾಗುತ್ತಿತ್ತು. ಅದರಲ್ಲಿ ಹಾಜರಿ ಕೂಗುವುದಕ್ಕೇ ಕಾಲು ಭಾಗ ಹೋಗುತ್ತಿತ್ತು.

ನಾನು ಹುಟ್ಟಿದ ಊರು ಕೊಳ್ಳೇಗಾಲ, ಕೆಲಸಕ್ಕೆ ಸೇರಿದ್ದೂ ಅಲ್ಲೇ. ಆಗ ಕನ್ನಡ ತರಗತಿ ಅಂದರೆ ಕಿಟಕಿಯ ಕಟ್ಟೆಯ ಮೇಲೂ ಹುಡುಗರು ಕೂರುತ್ತಿದ್ದರು. ಮೊದಲ ವರ್ಷ ನಾನು ಭಾರೀ ಉತ್ಸಾಹದಿಂದ ಪಾಠ ಮಾಡಿದೆ. ಕೊಕ್ಕರೆಯ ಬಗ್ಗೆ ಹೇಳುವಾಗ ಒಂಟಿಗಾಲಲ್ಲಿ ನಿಂತೂ ತೋರಿಸಿದೆ. ವರ್ಷದ ಕೊನೆಗೆ ಒಬ್ಬ ಹುಡುಗ ಎದ್ದು, "ಸಾ, ಚೆಂದಾಗಿ ಏಳಿದ್ರಿ. ಈಗ ಪರೀಕ್ಸೆಗೆ ಏನ್ ಬರಿಬೇಕು ಅಂತ ಬರ್ಸಿ ಸಾ" ಅಂದ. ಬರೆಸಿದೆ. ಒಮ್ಮೆ ಬರೆಸಲು ಶುರುಮಾಡಿದವನಿಗೆ ಬಿಡುಗಡೆ ಇಲ್ಲ. ಮುಂದಿನ ವರ್ಷದಿಂದ ಹುಡುಗರು ಮೊದಲ ದಿನವೇ ಪೆನ್ನು ತೆಗೆದು ಕೂರುತ್ತಿದ್ದರು. "ಒಂದು, ಕೊಕ್ಕರೆ. ಕೊಕ್ಕರೆಯು ನಾಯಕಿಯ ಒಂಟಿತನದ ಸಂಕೇತವಾಗಿದೆ, ಪೂರ್ಣವಿರಾಮ." ನಾನು ಪೂರ್ಣವಿರಾಮ ಅಂದದ್ದನ್ನೂ ಕೆಲವರು ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದರು. ಅದು ಪರೀಕ್ಷೆಯ ಉತ್ತರದಲ್ಲೂ ಬಂತು.

ಮೌಲ್ಯಮಾಪನಕ್ಕೆ ಮೈಸೂರಿಗೆ ಹೋಗುವುದು ಈ ಕೆಲಸದ ಇನ್ನೊಂದು ಮುಖ. ದೊಡ್ಡ ಹಾಲಿನಲ್ಲಿ ಸಾಲಾಗಿ ಕೂತು ಕಟ್ಟುಗಟ್ಟಲೆ ಉತ್ತರ ಪತ್ರಿಕೆ ತಿದ್ದಬೇಕು. ಎಲ್ಲ ಪತ್ರಿಕೆಗಳಲ್ಲೂ ಅದೇ ಕೊಕ್ಕರೆ, ಅದೇ ಅಗುಳಿ. ಯಾರೋ ಬರೆಸಿದ ಸಾಲು ಯಾರದೋ ಕೈಯಲ್ಲಿ ನನ್ನ ಮುಂದೆ ಬಂದು ಕೂರುತ್ತಿತ್ತು. ಅಷ್ಟು ಜನ ಒಟ್ಟಿಗೆ ಒಂಟಿತನದ ಬಗ್ಗೆ ಒಂದೇ ಮಾತು ಬರೆದದ್ದನ್ನು ಓದಿ ಓದಿ ನನಗೆ ನಗು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಒಬ್ಬ ಮಾತ್ರ, "ಕೊಕ್ಕರೆಗಳು ಗುಂಪಾಗಿ ಬಂದು ಒಂಟಿಯಾಗಿ ನಿಂತಿದ್ದವು" ಅಂತ ಬರೆದಿದ್ದ. ಪಕ್ಕದಲ್ಲಿ ಕೂತಿದ್ದ ಹಿರಿಯ ಮೇಷ್ಟರಿಗೆ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ನೋಡಿ, "ಇಡೀ ಹಾಲ್‌ನಲ್ಲಿ ಇವನೊಬ್ಬನೇ ಯೋಚನೆ ಮಾಡಿರೋನು, ಪೂರ್ತಿ ಕೊಡಿ" ಅಂದರು. ಕೊಟ್ಟೆ.

ಆಮೇಲೆ ಯಳಂದೂರು. ಅಲ್ಲಿ ನನಗೆ ಸಿಕ್ಕಿದ ಪ್ರಿನ್ಸಿಪಾಲರು ವಾಣಿಜ್ಯ ಓದಿದವರು. ಒಳ್ಳೆಯ ಮನುಷ್ಯ, ಆದರೆ ಯಾವುದನ್ನಾದರೂ ಗೋಡೆಯ ಮೇಲೆ ತೋರಿಸದೆ ಹೋದರೆ ಅದು ಪಾಠವೇ ಅಲ್ಲ ಎಂದು ನಂಬಿದ್ದರು. ಕಾಲೇಜಿಗೆ ಪ್ರೊಜೆಕ್ಟರ್ ಬಂದಿತ್ತು. ಎಲ್ಲರೂ ಸ್ಲೈಡ್ ಮಾಡಿಕೊಂಡು ಬರಬೇಕು ಅಂತ ಸುತ್ತೋಲೆ ಬಂತು. "ನಿಮ್ಮ ಕಾದಂಬರಿಲಿ ಸಂಕೇತ ಇದೆ ಅಂತೀರಲ್ಲ, ಅದನ್ನ ತೋರಿಸಿ. ಮಕ್ಕಳಿಗೆ ಕಣ್ಣಿಗೆ ಕಾಣಬೇಕು" ಅಂದರು.

ಒಂಟಿ ಕೊಕ್ಕರೆಯ ಫೋಟೋ ಬೇಕಾಯಿತು. ಇಂಟರ್ನೆಟ್ಟಿನಲ್ಲಿ ಸಿಗುವ ಕೊಕ್ಕರೆ ನಮ್ಮ ಕಡೆಯದರಂತೆ ಕಾಣಲಿಲ್ಲ. ಭಾನುವಾರ ಬೆಳಿಗ್ಗೆ ಅಗರದ ಕಡೆಗೆ ಹೋಗಿ ಕೆರೆಯ ಏರಿಯ ಮೇಲೆ ಮೊಬೈಲ್ ಹಿಡಿದು ಕೂತೆ. ಕೊಕ್ಕರೆಗೇನೂ ಬರವಿರಲಿಲ್ಲ. ಆದರೆ ಒಂಟಿಯಾಗಿ ಒಂದೂ ಇರಲಿಲ್ಲ. ಒಂದು ಇತ್ತ ಬಂದರೆ ಹಿಂದೆಯೇ ನಾಲ್ಕು ಬರುತ್ತಿದ್ದವು. ಬಿಸಿಲು ಏರಿತು, ಹೊಟ್ಟೆ ಹಸಿಯಿತು. ಕೊನೆಗೆ ಒಂದು ಗುಂಪಿನ ಫೋಟೋ ತೆಗೆದು, ಮನೆಗೆ ಬಂದು ಮಿಕ್ಕವನ್ನೆಲ್ಲ ಕತ್ತರಿಸಿ ಹಾಕಿ ಒಂದನ್ನು ಉಳಿಸಿಕೊಂಡೆ. ಸ್ಲೈಡಿನಲ್ಲಿ ಅದು ಬಹಳ ಚೆನ್ನಾಗಿ ಬಂತು. ಪ್ರಿನ್ಸಿಪಾಲರು ಬಂದು ನೋಡಿ ಖುಷಿಪಟ್ಟರು. ಹಿಂದಿನ ಬೆಂಚಿನಿಂದ ಅಗರದ ಹುಡುಗನೊಬ್ಬ, "ಸಾ, ಇದು ನಮ್ ಕೆರೆ ಕಣ್ ಸಾ. ಮಿಕ್ಕವು ಎಲ್ಲಿಗ್ ಓದ್ವು?" ಅಂತ ಕೇಳಿದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆ ಸ್ಲೈಡನ್ನು ಆಮೇಲೂ ಬಹಳ ವರ್ಷ ತೋರಿಸಿದೆ, ಯಾಕೆಂದರೆ ಇನ್ನೊಂದು ಮಾಡುವಷ್ಟು ಶಕ್ತಿ ನನಗಿರಲಿಲ್ಲ.

ವಿಧಾನ ಬದಲಾಯಿತು ಅನ್ನುತ್ತಾರೆ. ನಿಜ. ಮೊದಲು ನಾನು ಬರೆಸುತ್ತಿದ್ದೆ, ಆಮೇಲೆ ಜೆರಾಕ್ಸ್ ಅಂಗಡಿಯವನು ಗೈಡಿನ ಪುಟ ಕೊಡುತ್ತಿದ್ದ, ಆಮೇಲೆ ಪಿಡಿಎಫ್ ಬಂತು. ಕೊನೆಕೊನೆಗೆ ಹುಡುಗರು ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಕಾದಂಬರಿಯನ್ನು ಮಾತ್ರ ಯಾರೂ ಓದುತ್ತಿರಲಿಲ್ಲ. ಅದೊಂದು ಬದಲಾಗಲಿಲ್ಲ. ಹೊಸಬರು ಇದಕ್ಕೆ ಎದೆಗುಂದಬಾರದು ಅಂತ ಹೇಳಬೇಕು. ಆದರೆ ನಾನು ಎದೆಗುಂದಿದ್ದೆ. ಸುಳ್ಳು ಯಾಕೆ ಹೇಳಲಿ.

ಹಾಗೆ ಬೇಸತ್ತು ಹೋಗಿದ್ದಾಗಲೇ ಹನೂರಿಗೆ ವರ್ಗವಾಯಿತು. ಅದೇ ನನ್ನ ಕೊನೆಯ ಕಾಲೇಜು. ಮಿಕ್ಕ ಕತೆಯೆಲ್ಲ ಅಲ್ಲಿಯದೇ.

ಐಚ್ಛಿಕ ಕನ್ನಡ, ಅಂದರೆ ಕನ್ನಡವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡು ಓದುವ ಪದವಿ, ಆ ಹೊತ್ತಿಗಾಗಲೇ ಎಲ್ಲ ಕಡೆಯೂ ಬಡವಾಗಿತ್ತು. ನಾನು ಹೋದಾಗ ಅಂತಿಮ ವರ್ಷದಲ್ಲಿ ಉಳಿದಿದ್ದದ್ದು ಒಬ್ಬಳೇ. ಹೆಸರು ಸವಿತ. ಕೌದಳ್ಳಿಯ ಸೊಸೆ. ಅವಳ ಜತೆ ಸೇರಿದ್ದವರಲ್ಲಿ ಒಬ್ಬಳು ಮದುವೆಯಾಗಿ ಸತ್ಯಮಂಗಲದ ಕಡೆ ಹೋದಳಂತೆ, ಒಬ್ಬ ಓದು ಬಿಟ್ಟನಂತೆ. ಇವಳು ಮಾತ್ರ ಮದುವೆಯಾದ ಮೇಲೂ ಬರುತ್ತಿದ್ದಳು. ಪ್ರಿನ್ಸಿಪಾಲ್ ಮೇಡಂ ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು, "ಸರ್, ಈ ಹುಡುಗಿಯನ್ನ ದಡ ಮುಟ್ಟಿಸಿ. ಹಾಜರಾತಿ ಕಮ್ಮಿಯಾದ್ರೆ ಪರೀಕ್ಷೆಗೆ ಕೂರಿಸೋಕಾಗಲ್ಲ. ಮನೆಯಲ್ಲಿ ಒಂದು ಷರತ್ತಿದೆ, ನಾನು ಒಪ್ಪಿಕೊಂಡಿದ್ದೀನಿ. ನೀವು ಬೇಜಾರು ಮಾಡ್ಕೋಬೇಡಿ" ಅಂದರು.

ಷರತ್ತು ಏನೆಂದರೆ, ಮಿಕ್ಕ ವಿಷಯಗಳ ಕ್ಲಾಸಿನಲ್ಲಿ ಬೇರೆ ಮಕ್ಕಳಿರುತ್ತಾರೆ, ಪರವಾಗಿಲ್ಲ. ಕನ್ನಡದ ಕ್ಲಾಸಿನಲ್ಲಿ ಒಬ್ಬಳೇ ಹೆಣ್ಣುಮಗಳು, ಎದುರಿಗೆ ಒಬ್ಬ ಗಂಡಸು. ಊರವರು ನಾಲ್ಕು ಮಾತಾಡುತ್ತಾರೆ. ಅದಕ್ಕೆ ಅತ್ತೆಯೂ ಬಂದು ಕ್ಲಾಸಿನಲ್ಲಿ ಕೂರುತ್ತಾಳೆ. ನನ್ನ ಪಾಠಗಳನ್ನೆಲ್ಲ ವಾರದಲ್ಲಿ ಮೂರು ದಿನಕ್ಕೆ ಒಟ್ಟು ಮಾಡಿದ್ದರು. ಅಮಾವಾಸ್ಯೆ ಬಂದರೆ ಮಾತ್ರ ಇಬ್ಬರಿಗೂ ರಜೆ. ಮಾದಪ್ಪನ ಬೆಟ್ಟಕ್ಕೆ ಹೋಗುವ ಒಕ್ಕಲೆಲ್ಲ, ಅಂದರೆ ಭಕ್ತರೆಲ್ಲ, ಕೌದಳ್ಳಿ ದಾಟಿಯೇ ಹೋಗಬೇಕು, ಆ ದಿನ ರಸ್ತೆ ಬದಿಯಲ್ಲಿದ್ದ ಸವಿತನ ಮನೆಯವರ ಹೋಟೆಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಅತ್ತೆಯ ಹೆಸರು ಮಾದೇವಮ್ಮ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಮಗ ಲಾರಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಹೋಟೆಲನ್ನು ನಡೆಸುತ್ತಿದ್ದವರು ಈ ಅತ್ತೆ ಸೊಸೆಯೇ. ಕಾಲೇಜಿಗೆ ಬರುವ ದಿನಗಳಲ್ಲಿ ಮಾದೇವಮ್ಮ ತನ್ನ ತಂಗಿಯನ್ನು ಅಲ್ಲಿ ಕೂರಿಸಿ ಬರುತ್ತಿದ್ದಳು. ಸೊಸೆ ಓದಿ ಟೀಚರಾಗಬೇಕು ಅನ್ನುವುದು ಅವಳ ಆಸೆಯೇ. ಅದಕ್ಕಾಗಿಯೇ ಅಷ್ಟು ಕಷ್ಟ ಪಡುತ್ತಿದ್ದಳು. ಮೊದಲ ದಿನ ಹಿಂದಿನ ಬೆಂಚಿನಲ್ಲಿ ಕಾಲು ಮಡಚಿ ಕೂತು, ಮಡಿಲಿನಿಂದ ಒಂದು ರಾಶಿ ಬೆಳ್ಳುಳ್ಳಿ ತೆಗೆದು ಸುಲಿಯಲು ಶುರುಮಾಡಿದಳು. "ನೀವು ಏಳಿ ಸಾ, ನನ್ ಪಾಡ್ಗೆ ನಾನಿರ್ತೀನಿ. ಸಾಯಂಕಾಲದ ಸಾರಿಗೆ ಬೇಕು" ಅಂದಳು.

ಅವಳ ಪಾಡಿಗೆ ಅವಳು ಇರಲಿಲ್ಲ. ಚೆನ್ನಾಜಮ್ಮನ ಕತೆ ಶುರುವಾದ ಮೇಲೆ ಬೆಳ್ಳುಳ್ಳಿ ಸುಲಿಯುವ ಕೈ ಆಗಾಗ ನಿಲ್ಲುತ್ತಿತ್ತು. ನಾನು ಅದನ್ನು ನೋಡಿಕೊಂಡೇ ಪಾಠ ಮಾಡತೊಡಗಿದೆ. ಕೈ ನಿಂತರೆ ಪಾಠ ಚೆನ್ನಾಗಿ ನಡೆಯುತ್ತಿದೆ ಅಂತ ಅರ್ಥ. ಬಹಳ ವರ್ಷಗಳ ನಂತರ ಕಾದಂಬರಿಯನ್ನು ಪುಟದಿಂದ ಪುಟಕ್ಕೆ ಓದಿ ಹೇಳಿದೆ. ಪೂರ್ಣವಿರಾಮ ಅನ್ನುವ ಅಗತ್ಯ ಬರಲಿಲ್ಲ. ಸವಿತ ತಲೆ ಬಗ್ಗಿಸಿ ಕೇಳುತ್ತಿದ್ದಳು, ಕೇಳಿದರೆ ಮಾತ್ರ ಉತ್ತರ. ಮಾತೆಲ್ಲ ಹಿಂದಿನ ಬೆಂಚಿನದು.

"ಅಲ್ಲಾ ಸಾ, ಬೀಗದ್ ಕೈ ಕೊಟ್ಟು ಓದ್ಲಲ್ಲ, ಮನೇರು ಸುಮ್ಕಿದ್ರಾ?"

"ಕರೆಯಕ್ಕೆ ಬಂದ್ರಮ್ಮ. ಅವಳು ಹೋಗಲಿಲ್ಲ."

"ಕೊಬ್ಬು ಅವ್ಳ್ಗೆ. ಮೈದ್ನ ಒಡುದ್ನಾ, ಬಡುದ್ನಾ? ಏನ್ ಕಮ್ಮಿ ಆಗಿತ್ತು?"

"ಅದನ್ನೇ ಲೇಖಕರು ಹೇಳಲ್ಲ."

"ಏಳ್ದೆ ಇದ್ ಮ್ಯಾಲೆ ಯಾಕ್ ಬರಿಬೇಕು" ಅಂದು ಮಾದೇವಮ್ಮ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕುತ್ತಿದ್ದಳು.

ಅವಳಿಗೆ ಚೆನ್ನಾಜಮ್ಮನನ್ನು ಕಂಡರೆ ಆಗುತ್ತಿರಲಿಲ್ಲ. ಓರಗಿತ್ತಿಯ ಪರವಾಗಿ, ಮೈದುನನ ಪರವಾಗಿ, ಕೊನೆಗೆ ಆ ಮನೆಯ ಎಮ್ಮೆಯ ಪರವಾಗಿಯೂ ವಾದಿಸುತ್ತಿದ್ದಳು. ನನಗೆ ಖುಷಿಯಾಗುತ್ತಿತ್ತು. ಯಾರೋ ಒಬ್ಬರು ಈ ಕಾದಂಬರಿಯ ಮೇಲೆ ಸಿಟ್ಟು ಮಾಡಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಖುಷಿಯೇ ನನ್ನನ್ನು ಹಾಳು ಮಾಡಿತು.

ಒಲೆಯ ಅಧ್ಯಾಯ ಬಂತು. ಚೆನ್ನಾಜಮ್ಮ ಕೆರೆಯಂಗಳದಿಂದ ಮೂರು ಕಲ್ಲು ಹೊತ್ತು ತಂದು ಒಲೆ ಹೂಡುವ ಭಾಗ. ದೊಡ್ಡಮನೆಯಲ್ಲಿ ಅವಳು ಊದಿದ ದೊಡ್ಡ ಒಲೆ ಅದಕ್ಕೂ ಮೊದಲು ಹಲವು ಸಲ ಬಂದಿರುತ್ತದೆ, ಅಲ್ಲೆಲ್ಲ ಹೊಗೆ ಇರುತ್ತದೆ. ಇಲ್ಲಿ ಮೊದಲ ಸಲ ಹೊಗೆಯಿಲ್ಲದೆ ಬೆಂಕಿ ಹತ್ತುತ್ತದೆ. ಆ ದಿನ ನನಗೆ ಮಾತು ಒಳ್ಳೇ ಹದವಾಗಿ ಬಂತು. ಬೋರ್ಡಿನ ಮೇಲೆ ಮೂರು ಕಲ್ಲು ಬರೆದು, "ತನ್ನದೇ ಒಲೆ ಹೂಡಿದ ದಿನ ಚೆನ್ನಾಜಮ್ಮ ಮೊದಲ ಸಲ ಮನುಷ್ಯಳಾದಳು. ಅವಳ ಒಂಟಿತನ ಶಿಕ್ಷೆಯಲ್ಲ, ಅವಳೇ ಕಟ್ಟಿಕೊಂಡದ್ದು. ಪ್ರತಿ ಹೆಣ್ಣಿಗೂ ತನ್ನದು ಅಂತ ಒಂದು ಒಲೆ ಬೇಕು ಸವಿತ, ತಿಳೀತಾ?" ಅಂದೆ.

ನಾನೇನು ಹೊರಗಿನವನಲ್ಲ. ನಮ್ಮ ಕಡೆ ಒಲೆ ಬೇರೆಯಾಯಿತು ಅಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಜಮೀನು ಭಾಗವಾಗದಿದ್ದರೂ, ಗೋಡೆ ಏಳದಿದ್ದರೂ, ಒಂದೇ ಸೂರಿನ ಕೆಳಗೆ ಎರಡನೇ ಒಲೆ ಹೊತ್ತಿತು ಅಂದರೆ ಆ ಮನೆ ಮುಗಿಯಿತು. ಆಮೇಲೆ ಬೆಂಕಿಯನ್ನೂ ಕೇಳುವ ಹಾಗಿಲ್ಲ, ಉಪ್ಪನ್ನೂ ಕೊಡುವ ಹಾಗಿಲ್ಲ. ನನ್ನ ಬೀದಿಯಲ್ಲೇ ಹಾಗಾದ ಮನೆಗಳಿದ್ದವು. ಆದರೆ ಕಾಲೇಜಿನ ಬೋರ್ಡಿನ ಮೇಲೆ ಬರೆದಾಗ ಒಲೆ ನನಗೆ ಸಂಕೇತವಾಗಿ ಮಾತ್ರ ಕಂಡಿತು.

ಹಿಂದಿನ ಬೆಂಚಿನಲ್ಲಿ ಕೈ ನಿಂತಿತ್ತು. ಪಾಠ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡೆ. ಮಾದೇವಮ್ಮ ಸುಲಿದದ್ದು, ಸುಲಿಯದ್ದು ಎಲ್ಲವನ್ನೂ ಸೆರಗಿಗೆ ಸುರಿದು ಗಂಟು ಹಾಕಿ ಎದ್ದು ನಿಂತಳು.

"ಏಳು ಕೂಸೆ" ಅಂದಳು ಸೊಸೆಗೆ. ನನ್ನ ಕಡೆ ತಿರುಗಿ, ದನಿ ಏರಿಸದೆ, "ನಮ್ಮಟ್ಟಿ ವಲೆ ಬ್ಯಾರೆ ಮಾಡ್ಸಕ್ಕೆ ನಿಮ್ಗೆ ಸಂಬ್ಳ ಕೊಟ್ಟರಾ ಸಾ? ನಾನು ನಿಮ್ಮುನ್ನ ದೊಡ್ಡೋರು ಅನ್ಕಂಡಿದ್ದೆ" ಅಂದಳು.

ಇದು ಬರೀ ಕತೆ ಕಣಮ್ಮ ಅನ್ನಲು ಬಾಯಿ ತೆರೆದೆ. ವರ್ಷವೆಲ್ಲ ಇದು ಬರೀ ಕತೆಯಲ್ಲ ಅಂತ ಹೇಳಿಕೊಂಡು ಬಂದವನು ನಾನು. ಸವಿತ ಪುಸ್ತಕ ಎತ್ತಿಕೊಂಡು ಅತ್ತೆಯ ಹಿಂದೆ ಹೋದಳು, ನನ್ನ ಮುಖ ನೋಡಲಿಲ್ಲ.

ಮುಂದಿನ ಕ್ಲಾಸಿಗೆ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ನಾನು ಹೋಗಿ ಬಾಗಿಲು ತೆಗೆದು, ಕುರ್ಚಿಯಲ್ಲಿ ಕೂತು, ಗಂಟೆ ಹೊಡೆದ ಮೇಲೆ ಎದ್ದು ಬರುತ್ತಿದ್ದೆ. ಖಾಲಿ ಕೋಣೆಯಲ್ಲಿ ಇನ್ನೂ ಬೆಳ್ಳುಳ್ಳಿಯ ವಾಸನೆ ಇತ್ತು. ಅಲ್ಲಿ ಕೂತು ನಾನು ಕೊಕ್ಕರೆಯನ್ನಾಗಲಿ ಅಗುಳಿಯನ್ನಾಗಲಿ ನೆನೆಯಲಿಲ್ಲ. ಒಂದು ಹುಡುಗಿಯ ಓದು ನನ್ನ ನಾಲಿಗೆಯ ಚಪಲಕ್ಕೆ ನಿಂತುಹೋಯಿತಲ್ಲ ಅಂತ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಮೂರನೇ ವಾರಕ್ಕೆ ಮೇಡಂ ಕರೆದು, "ಇನ್ನು ಸ್ವಲ್ಪ ದಿನ ಹೀಗೇ ಆದ್ರೆ ಅವಳನ್ನ ಪರೀಕ್ಷೆಗೆ ಕೂರಿಸೋಕೆ ನನ್ನ ಕೈಲಾಗಲ್ಲ. ಹೋಗಿ ಮಾತಾಡೋಣ ಬನ್ನಿ, ನಾನೂ ಬರ್ತೀನಿ" ಅಂದರು.

ಮಧ್ಯಾಹ್ನದ ಊಟದ ಗದ್ದಲ ಮುಗಿಯುವ ಹೊತ್ತಿಗೆ ಕೌದಳ್ಳಿಯಲ್ಲಿ ಬಸ್ಸಿಳಿದೆವು. ಶೀಟು ಹೊದಿಸಿದ ಹೋಟೆಲು, ಎರಡು ಉದ್ದದ ಬೆಂಚು, ಒಳಗಡೆ ಅಡುಗೆ. ಮಾದೇವಮ್ಮ ಲೋಟ ತೊಳೆಯುತ್ತಿದ್ದಳು. ಬನ್ನಿ ಅಂದಳು, ಕೂತ್ಕಳಿ ಅಂದಳು, ಸವಿತನ ಕೈಯಲ್ಲಿ ಟೀ ಕೊಡಿಸಿದಳು. ಮರ್ಯಾದೆಗೇನೂ ಕಮ್ಮಿ ಮಾಡಲಿಲ್ಲ. ಮಾತು ಮಾತ್ರ ಬಿಗಿಯಾಗಿತ್ತು.

"ಕಳಸ್ಬಾರ್ದು ಅಂತ ಅಲ್ಲ ಮೇಡಂ. ಇರಾದು ನಾವ್ ಇಬ್ರು. ನನ್ ಮಗ ರೋಡ್ನಲ್ಲಿರ್ತನೆ. ಇವ್ಳು ವಲೆ ಬ್ಯಾರೆ ಮಾಡ್ಕಂಡ್ರೆ ನಾನ್ ಯಾರ್ ಜೊತೇಲಿ ಬದುಕ್ಲಿ? ಓದ್ಲಿ ಅಂತ ನಾನೇ ಕರ್ಕಂಡ್ ಬಂದು, ನಾನೇ ಕೂತು ಕೇಳುಸ್ದಂಗಾಯ್ತು."

ನಾನು ಬಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದೆ. "ಮಾದೇವಮ್ಮ, ಆ ಒಲೆಯ ಪಾಠ ಬಿಟ್ಟುಬಿಡೋಣ. ಮುಂದಕ್ಕೆ ಅದರ ಮಾತೇ ಎತ್ತಲ್ಲ. ಪರೀಕ್ಷೆಗೆ ಕೊಕ್ಕರೆ, ಅಗುಳಿ ಎರಡು ಬರೆದರೂ ಪಾಸಾಗ್ತಾಳೆ" ಅಂದೆ. ಮಾಸ್ತರಿಕೆಯ ಉದ್ದಕ್ಕೂ ನಾನು ಕಲಿತ ವಿದ್ಯೆ ಅದು, ಯಾವುದನ್ನು ಬಿಟ್ಟರೆ ಪಾಸಾಗಬಹುದು ಅನ್ನುವುದು. ಮೇಡಂ ತಲೆಯಾಡಿಸಿದರು. ಮಾದೇವಮ್ಮನೂ ಯೋಚಿಸುತ್ತಿದ್ದಳು. ವಿಷಯ ಅಲ್ಲಿಗೆ ಮುಗಿಯುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸವಿತ, "ಬ್ಯಾಡ ಸಾ" ಅಂದಳು.

ಅವಳು ತಾನಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅತ್ತೆಯನ್ನು ನೋಡಿ ನಿಧಾನವಾಗಿ ಹೇಳಿದಳು. "ಅತ್ತೆ, ನಂಗೆ ಬ್ಯಾರೆ ವಲೆ ಬ್ಯಾಡ. ನಿಮ್ ಜೊತೇಲೆ ಬೇಯ್ಸ್ತೀನಿ, ನಿಮ್ ಜೊತೇಲೆ ಇರ್ತೀನಿ. ಆ ಚೆನ್ನಾಜಮ್ಮ ವಲೆ ಊಡ್ದಾಗ ನಂಗೇನೂ ಅನ್ನುಸ್ಲಿಲ್ಲ. ಆದ್ರೆ ಅದಾದ್ಮೇಲೆ ಅವ್ಳು ತಟ್ಟೆಗ್ ಇಕ್ಕಂಡು, ಕೂತ್ಕಂಡು ಉಣ್ತಾಳೆ. ಯಾರೂ ಕೂಗಲ್ಲ, ಯಾರೂ ಕರಿಯಲ್ಲ. ಮುಗಿಯಗಂಟ ಉಣ್ತಾಳೆ. ಆ ಪುಟನ ನಾನು ತಿರ್ಗಾ ತಿರ್ಗಾ ಓದ್ದೆ ಅತ್ತೆ. ಈ ಅಟ್ಟಿಗ್ ಬಂದಾಗಿಂದ ನಾನೊಂದ್ ಸಲನೂ ಅಂಗೆ ಕೂತು ಉಂಡಿಲ್ಲ. ಅರ್ಧಕ್ಕೆ ಸಾರು ಅಂತಾರೆ, ನೀರು ಅಂತಾರೆ, ನೀವ್ ಕೂಗ್ತೀರಿ. ಎದ್ದು ಬಂದು ತಿರ್ಗಾ ಓಗೋಷ್ಟರಲ್ಲಿ ಮುದ್ದೆ ಆರೋಗಿರ್ತದೆ. ನಂಗೆ ಬೇಕಾಗಿರಾದು ಅಷ್ಟೇ."

ನಾನು ತಟ್ಟೆಯನ್ನು ಬರೆಸುವಾಗ ಅದಕ್ಕೆ ಎರಡು ಸಾಲು ಮಾತ್ರ ಕೊಡುತ್ತಿದ್ದೆ. "ನಾಲ್ಕು, ತಟ್ಟೆ. ಇದು ನಾಯಕಿಯ ಅನಾಥ ಸ್ಥಿತಿಯನ್ನು ಸೂಚಿಸುತ್ತದೆ." ಮುಂದಕ್ಕೆ ಹೋಗಿ ಅಂತ ಹುಡುಗರೂ ಅವಸರ ಮಾಡುತ್ತಿದ್ದರು.

ಮಾದೇವಮ್ಮ ಸೊಸೆಯ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. "ನಾನೇನ್ ಕೂತು ಉಂಡಿದ್ದೀನಾ?" ಅಂದಳು. ಅದು ಸಿಟ್ಟಿನ ಮಾತಾಗಿ ಶುರುವಾಯಿತು, ಮುಗಿಯುವ ಹೊತ್ತಿಗೆ ಅದರಲ್ಲಿ ಸಿಟ್ಟು ಉಳಿದಿರಲಿಲ್ಲ. ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳ ಹಾಗೆ ನಿಂತಳು. ಆಮೇಲೆ ನಮಗೆ ಬೆನ್ನು ತಿರುಗಿಸಿ, ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ಮೇಡಂ ನನಗೆ ಏಳೋಣ ಅಂತ ಸನ್ನೆ ಮಾಡಿದರು. ಇನ್ನು ಅವಳು ಬರುವುದಿಲ್ಲ, ಈ ಕೆಲಸದಿಂದ ನನಗೆ ಬಿಡುಗಡೆ ಸಿಕ್ಕರೆ ಸಾಕು ಅಂತ ನಾನು ಬಸ್ಸಿನ ಕಿಟಕಿಗೆ ತಲೆ ಒರಗಿಸಿದ್ದೆ.

ಬಂದರು. ಆ ವಾರವೇ ಬಂದರು. ಸವಿತ ಕ್ಲಾಸಿನೊಳಗೆ ಬಂದು ಕೂತಳು, ಹಿಂದಿನ ಬೆಂಚು ಖಾಲಿ ಇತ್ತು. ಹೊರಗೆ ಬಂದು ನೋಡಿದರೆ ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ಮಾದೇವಮ್ಮ ಬೆಳ್ಳುಳ್ಳಿ ಹರಡಿಕೊಂಡು ಕೂತಿದ್ದಳು.

"ಒಳಗೆ ಬನ್ನಿ ಮಾದೇವಮ್ಮ."

"ಬ್ಯಾಡಿ ಸಾ. ನಾನಿದ್ರೆ ಅವ್ಳು ಬಾಯೇ ಬುಡಲ್ಲ. ಬಾಗ್ಲು ತಗ್ದಿರ್ಲಿ, ಸಾಕು. ಏನಾರ ಏಳ್ಕೊಡಿ, ವಲೇದೂ ಏಳ್ಕೊಡಿ."

ಅಂದಿನಿಂದ ವರ್ಷದ ಕೊನೆಯವರೆಗೂ ನಾನು ಒಬ್ಬಳಿಗೆ ಪಾಠ ಮಾಡಿದೆ. ಅವಳು ಪ್ರಶ್ನೆ ಕೇಳಲು ಶುರುಮಾಡಿದಳು. ಅಗುಳಿಯನ್ನು ಚೆನ್ನಾಜಮ್ಮ ಹಗಲಿನಲ್ಲಿ ಹಾಕುತ್ತಾಳೆ, ರಾತ್ರಿ ತೆಗೆದಿರುತ್ತಾಳೆ, ಯಾಕೆ ಸಾ ಅಂದಳು. ಅಷ್ಟು ವರ್ಷ ಓದಿದ ನಾನು ಅದನ್ನು ಗಮನಿಸಿರಲಿಲ್ಲ. ಇಬ್ಬರೂ ಪುಟ ತಿರುವಿ ನೋಡಿದೆವು, ನಿಜ. ಯಾಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಹೊಳೆಯದೆ ಇರುವುದೂ ಒಂದು ಪಾಠ ಅಂತ ಪುಸ್ತಕ ಮುಚ್ಚಿದೆವು. ಹೊಸಬರಿಗೆ ಒಂದು ಮಾತು ಹೇಳುವುದಾದರೆ ಇದನ್ನೇ ಹೇಳುತ್ತೇನೆ. ಇಡೀ ಸರ್ವೀಸಿನಲ್ಲಿ ಇಂಥ ಒಂದು ತರಗತಿ ಸಿಕ್ಕರೆ ಹೆಚ್ಚು. ಎರಡನೆಯದನ್ನು ಕಾಯುತ್ತ ಕೂರಬೇಡಿ, ಸವೆದುಹೋಗುತ್ತೀರಿ.

ಸವಿತ ಪಾಸಾದಳು. ಅವಳ ನಂತರ ಐಚ್ಛಿಕ ಕನ್ನಡಕ್ಕೆ ಯಾರೂ ಸೇರಲಿಲ್ಲ. ನನ್ನ ಉಳಿದ ಸರ್ವೀಸು ಬಿ.ಕಾಂ. ಮಕ್ಕಳಿಗೆ ಅರ್ಜಿ ಬರೆಯುವುದು ಹೇಗೆ ಎಂದು ಹೇಳಿಕೊಡುವುದರಲ್ಲಿ ಕಳೆಯಿತು. ಬೀಳ್ಕೊಡುಗೆಯ ದಿನ ಎಲ್ಲರೂ ನನ್ನ ಸಾಹಿತ್ಯ ಸೇವೆಯನ್ನು ಹೊಗಳಿದರು. ಹಾರದ ಭಾರಕ್ಕೆ ಕತ್ತು ನೋಯುತ್ತಿತ್ತು, ಯಾವಾಗ ಮನೆಗೆ ಹೋಗಿ ಮಲಗುತ್ತೇನೋ ಅನ್ನಿಸಿತ್ತು.

ನಿವೃತ್ತಿಯಾದ ಮೇಲೆ ಹೆಂಡತಿಯ ಹರಕೆ ತೀರಿಸಲು ಬೆಟ್ಟಕ್ಕೆ ಹೋಗಿದ್ದೆವು. ವಾಪಸು ಬರುವಾಗ ಮಧ್ಯಾಹ್ನ ಕೌದಳ್ಳಿಯಲ್ಲಿ ಇಳಿದೆವು. ಹೋಟೆಲು ಹಾಗೇ ಇತ್ತು. ಬೆಂಚುಗಳು ತುಂಬಿದ್ದವು, ಲಾರಿಯವರು, ಬೆಟ್ಟದಿಂದ ಇಳಿದವರು. ಮಾದೇವಮ್ಮ ಒಬ್ಬಳೇ ಸಾರಿನ ಪಾತ್ರೆ ಹಿಡಿದು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿಸಿ ಜಾಗ ಮಾಡಿಕೊಟ್ಟಳು.

"ಚೆಂದಾಗಿದ್ದೀರಾ ಸಾ? ಸವಿತ ಬಿ.ಎಡ್.ಗೆ ಅರ್ಜಿ ಆಕವ್ಳೆ."

"ಸಂತೋಷ ಮಾದೇವಮ್ಮ. ಎಲ್ಲಿ ಅವಳು? ಒಂದ್ನಿಮಿಷ ಕರೀರಿ, ಮಾತಾಡಿಸಿ ಹೋಗ್ತೀನಿ."

ಅಷ್ಟರಲ್ಲಿ ಒಬ್ಬ ಡ್ರೈವರ್, "ಯವ್ವ, ಮುದ್ದೆ ತಕಂಬಾ" ಅಂದ. ಇನ್ನೊಬ್ಬ ನೀರು ಕೇಳಿದ. ಅಡುಗೆಮನೆಯ ಬಾಗಿಲು ಮುಂದಕ್ಕೆ ಎಳೆದಿತ್ತು. ಮಾದೇವಮ್ಮ ಆ ಬಾಗಿಲ ಕಡೆ ಒಮ್ಮೆ ನೋಡಿ, ನೀರಿನ ಜಗ್ಗನ್ನು ತಾನೇ ಎತ್ತಿಕೊಂಡಳು.

"ಉಣ್ತಾವ್ಳೆ ಸಾ. ವಸಿ ಕೂತ್ಕಳಿ. ಉಣ್ಣುವಾಗ ನಾ ಕರಿಯಾಕಿಲ್ಲ."

"ನಿಮ್ಮದು ಊಟ ಆಯ್ತಾ?" ಅಂದೆ.

"ಅವ್ಳು ಎದ್ದು ಬಂದ್ಮೇಲೆ ನಂದು. ಆಗ ನನ್ನೂ ಅವ್ಳು ಕರಿಯಾಕಿಲ್ಲ" ಅಂದು ಮಾದೇವಮ್ಮ ಡ್ರೈವರಿಗೆ ನೀರು ಬಗ್ಗಿಸಿದಳು. ನಾನು ಬೆಂಚಿನ ಮೇಲೆ ಸ್ವಲ್ಪ ಜರುಗಿ ಹೆಂಡತಿಗೂ ಜಾಗ ಮಾಡಿಕೊಟ್ಟು, ಕಾದು ಕೂತೆ.